ಬಿಟ್ಟುಹೋದ ಸೊನ್ನೆ

ಬರುವಾಗ ಪುಸ್ತಕವನ್ನೂ ತನ್ನಿ ಅಂತ ಸರ್ವಮಂಗಳಮ್ಮ ಯಾಕೆ ಹೇಳಿದರು ಅನ್ನುವುದು ಏಕಾಂತಯ್ಯನಿಗೆ ಹಲ್ಲುಜ್ಜುವಾಗಲೂ ಬಗೆಹರಿಯಲಿಲ್ಲ, ಸ್ನಾನ ಮಾಡುವಾಗಲೂ ಬಗೆಹರಿಯಲಿಲ್ಲ. ಫೋನು ಬಂದದ್ದು ಏಳು ಗಂಟೆಗೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರೂ ಸುಮ್ಮನೆ ಫೋನು ಮಾಡುವುದಿಲ್ಲ. ಮೊದಲು ಅವನ ಆರೋಗ್ಯ ವಿಚಾರಿಸಿದರು, ಆಮೇಲೆ ಅವನ ಹೆಂಡತಿ ಅಂಬುಜಮ್ಮನ ಮಂಡಿನೋವು ವಿಚಾರಿಸಿದರು, ಆಮೇಲೆ ಮಧ್ಯಾಹ್ನ ಬಿಡುವಿದ್ದರೆ ಮನೆ ಕಡೆ ಬಂದು ಹೋಗಿ, ಹಳೇ ನೋಟಿನ ವಿಷಯ ಸ್ವಲ್ಪ ಮಾತಾಡಬೇಕು ಅಂದರು. ಆಗಲಿ ಅಂತ ಇವನು ಫೋನು ಇಡುವಷ್ಟರಲ್ಲಿ, ಹಾಂ, ಆ ದರದ ಪುಸ್ತಕ ಇರುತ್ತಲ್ಲ, ಅದನ್ನೂ ತನ್ನಿ ಅಂದರು. ಆ ಹಾಂ ಆಗ ತಾನೇ ನೆನಪಾದವರ ಹಾಂ ಆಗಿರಲಿಲ್ಲ. ಮೊದಲೇ ತೀರ್ಮಾನ ಮಾಡಿಕೊಂಡು, ಕೊನೆಗೆ ಹೇಳೋಣ ಅಂತ ಹಿಡಿದಿಟ್ಟುಕೊಂಡವರ ಹಾಂ ಅದು. ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು ಏಕಾಂತಯ್ಯ. ಅಲ್ಪವಿರಾಮ ಇರಬಾರದ ಕಡೆ ಬಿದ್ದಿದ್ದರೆ ಅವನ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಆದರೆ ಸರ್ವಮಂಗಳಮ್ಮನ ದನಿಯಲ್ಲಿ ಏನನ್ನೂ ಓದುವುದು ಕಷ್ಟ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು ಅವರು. ಸಾವಿನ ಸುದ್ದಿಗೂ ಮದುವೆಯ ಸುದ್ದಿಗೂ ಒಂದೇ ದನಿಯಲ್ಲಿ ಲೈನು ಕೊಟ್ಟವರು.

ಯಾವ ವರ್ಷದ ಪುಸ್ತಕ ಅಂತ ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ಕೇಳಿದ್ದರೆ ಯಾಕೆ ಕೇಳುತ್ತೀರಿ ಅನ್ನುತ್ತಿದ್ದರೇನೋ. ಅಗ್ರಹಾರದ ಆ ಎರಡು ಕೋಣೆಯ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿ, ಹನ್ನೊಂದು ವರ್ಷದ 'ನೋಟು ದರ ಕೈಪಿಡಿ' ಸಾಲಾಗಿ ನಿಂತಿದ್ದವು. ಹಳೆಯ ನೋಟು ಕೂಡಿಡುವವರಿಗೆ ಯಾವ ನೋಟಿಗೆ ಎಷ್ಟು ಬೆಲೆ ಅಂತ ಹೇಳುವ ಪುಸ್ತಕ. ಪ್ರತಿ ಜನವರಿಗೆ ಒಂದು. ಮಂಡಿ ಮೊಹಲ್ಲಾದಲ್ಲಿ ಹಳೇ ನಾಣ್ಯ, ನೋಟು ಮಾರುವ ಅಂಗಡಿಯಿಟ್ಟಿರುವ ಶಿವಪ್ರಕಾಶ್ ಅದನ್ನು ಅಚ್ಚು ಹಾಕಿಸುವವನು. ದರ ಇಬ್ಬರೂ ಕೂತು ಹಾಕುವುದು, ಕರಡು ತಿದ್ದುವವನು ಏಕಾಂತಯ್ಯ. ಹನ್ನೊಂದರಲ್ಲಿ ಹತ್ತು ಬೆನ್ನು ತೋರಿಸಿಕೊಂಡು ನಿಂತಿದ್ದವು. ಒಂದು ಮಾತ್ರ ಬೆನ್ನನ್ನು ಗೋಡೆಗೆ ಕೊಟ್ಟು ನಿಂತಿತ್ತು. ಹಾಗೆ ತಿರುಗಿಸಿಟ್ಟು ಹೆಚ್ಚುಕಡಿಮೆ ಮೂರು ವರ್ಷವಾಗಿತ್ತು. ಧೂಳು ಹೊಡೆಯುವಾಗ ಅಂಬುಜಮ್ಮ ಕೂಡ ಅದನ್ನು ಸರಿಮಾಡಿರಲಿಲ್ಲ. ಅವಳು ಯಾಕೆ ಸರಿಮಾಡಲಿಲ್ಲ ಅನ್ನುವುದೂ ಈ ಬೆಳಿಗ್ಗೆ ಅವನಿಗೆ ಮೊದಲ ಸಲ ಹೊಳೆಯಿತು. ಸರ್ವಮಂಗಳಮ್ಮ ಯಾಕಂತೆ ಕರೆದಿದ್ದು ಅಂತ ಅವಳು ದೋಸೆ ಹಾಕುತ್ತ ಕೇಳಿದಳು. ಏನೋ ನೋಟಿನ ವಿಷಯವಂತೆ ಅಂದ. ಅವಳು ಮತ್ತೇನೂ ಕೇಳಲಿಲ್ಲ. ಗೊತ್ತಿಲ್ಲದವಳಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳಲ್ಲವೇ? ಅವನು ಹೋದ ವರ್ಷದ ಕೈಪಿಡಿಯನ್ನು ಚೀಲಕ್ಕೆ ಹಾಕಿಕೊಂಡ. ಚಪ್ಪಲಿ ಮೆಟ್ಟಿ ಹೊಸಿಲು ದಾಟಿದವನು ವಾಪಸು ಬಂದು, ಗೋಡೆಗೆ ಬೆನ್ನು ಕೊಟ್ಟದ್ದನ್ನೂ ತೆಗೆದು ಅದರ ಕೆಳಗೆ ತುರುಕಿದ.

ಆ ಭಾನುವಾರ ಸಂಗ್ರಹಕಾರರ ತಿಂಗಳ ಸಭೆಯೂ ಇತ್ತು. ಶಿವಪ್ರಕಾಶನ ಅಂಗಡಿಯ ಮೇಲಿನ ಕೋಣೆ. ಕೆಳಗೆ ಸಗಟು ಮೆಣಸಿನಕಾಯಿ ಮಳಿಗೆ, ಭಾನುವಾರ ಅರ್ಧ ಬಾಗಿಲು ಹಾಕಿದ್ದರೂ ಮೂಟೆಯ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ಹದಿನಾಲ್ಕು ಜನ ಸೇರಿದ್ದರು. ಏಕಾಂತಯ್ಯ ಒಳಗೆ ಕಾಲಿಟ್ಟಾಗ ಶಿವಪ್ರಕಾಶ್ ಯಾರಿಗೋ ಏನೋ ಹೇಳುತ್ತಿದ್ದವನು ನಿಲ್ಲಿಸಿ, ಬನ್ನಿ ಸಾರ್, ನಿಮಗೇ ಕಾಯ್ತಿದ್ವಿ ಅಂದ. ನಿಮಗೇ ಅನ್ನುವುದರ ಮೇಲೆ ಅಷ್ಟು ಒತ್ತು ಯಾಕೆ ಬಿತ್ತು? ಏಕಾಂತಯ್ಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಚೀಲವನ್ನು ಕಾಲ ನಡುವೆ ಇಟ್ಟುಕೊಂಡ. ಸರ್ವಮಂಗಳಮ್ಮ ಬೆಳಿಗ್ಗೆ ಶಿವಪ್ರಕಾಶನಿಗೂ ಫೋನು ಮಾಡಿರಬಹುದು. ಮೊದಲು ಇವನಿಗೆ, ಆಮೇಲೆ ಅವನಿಗೆ. ಅಥವಾ ಮೊದಲು ಅವನಿಗೇ ಮಾಡಿ, ಅವನೇ, ಪುಸ್ತಕ ತರೋಕೆ ಹೇಳಿ ಅಂತ ಹೇಳಿಕೊಟ್ಟಿರಬಹುದು.

ಶಿವಪ್ರಕಾಶ್ ವಿಷಯಕ್ಕೆ ಬಂದ. ಕಾಗದದ ರೇಟು ಹೀಗಾಗಿದೆ, ಹೋದ ಸಲ ಹಾಕಿಸಿದ ಐನೂರು ಪ್ರತಿಯಲ್ಲಿ ಇನ್ನೂರ ಎಂಬತ್ತು ಕೆಳಗಿನ ಗೋದಾಮಿನಲ್ಲಿ ಕೂತಿವೆ, ಈ ಜನವರಿಗೆ ಕೈಪಿಡಿ ತರಬೇಕೋ ಬೇಡವೋ ನೀವೇ ಹೇಳಿ ಅಂದ. ಗಗನ ಅನ್ನುವ ಹುಡುಗಿ, ಹುಡುಗಿ ಏನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು, ಮೂವತ್ತು ದಾಟಿದವಳು, ಎದ್ದು ನಿಂತಳು. ವಿಶೇಷ ಸಂಖ್ಯೆಯ ನೋಟುಗಳನ್ನು ಕೂಡಿಡುವುದು ಅವಳ ಹವ್ಯಾಸ. ಕೊಳ್ಳುವುದು, ಕೊಡುವುದು ಎಲ್ಲ ಫೋನಿನಲ್ಲೇ. ಜನವರಿಯಲ್ಲಿ ಅಚ್ಚಾದ ದರ ಯುಗಾದಿ ಹೊತ್ತಿಗೆ ಹಳಸಿರುತ್ತದೆ ಅಂದಳು. ನಿನ್ನೆ ರಾತ್ರಿ ಒಂದು ಹರಾಜಿನಲ್ಲಿ ಏನು ಹೋಯಿತು ಅಂತ ಇವತ್ತು ಬೆಳಿಗ್ಗೆ ಎಲ್ಲರಿಗೂ ಗೊತ್ತಿರುವಾಗ, ವರ್ಷಕ್ಕೊಂದು ಸಲ ಒಬ್ಬರೋ ಇಬ್ಬರೋ ಕೂತು ಬರೆದದ್ದನ್ನು ಯಾರು ನಂಬಬೇಕು? ಅವಳು ಯಾರನ್ನೂ ಚುಚ್ಚಿ ಹೇಳಲಿಲ್ಲ. ಒಬ್ಬರೋ ಇಬ್ಬರೋ ಅಂದಾಗ ಮಾತ್ರ ಕಿಟಕಿಯ ಕಡೆ ನೋಡಿದಳು. ಕಿಟಕಿ ನೋಡಿದಳೋ, ಕಿಟಕಿಯ ಪಕ್ಕ ಕೂತವನನ್ನು ನೋಡಿದಳೋ.

ಏಕಾಂತಯ್ಯನಿಗೆ ಮಾತಾಡಬೇಕು ಅಂತ ಇರಲಿಲ್ಲ. ಮಾತಾಡದಿದ್ದರೆ ಯಾಕೆ ಸುಮ್ಮನಿದ್ದಾರೆ ಅಂತ ಬರುತ್ತದಲ್ಲ ಅಂತ ಎದ್ದ. ಎದ್ದ ಮೇಲೆ ಮಾತು ತಾನೇ ಬಂತು, ಬೇಕಾದ್ದಕ್ಕಿಂತ ಜೋರಾಗಿ. ಫೋನಿನಲ್ಲಿ ಕಾಣುವ ಬೆಲೆ ಯಾರ ಬೆಲೆ ಅಂತ ಕೇಳಿದ. ತನ್ನ ನೋಟಿಗೆ ತನ್ನ ಭಾವಮೈದುನನಿಂದಲೇ ಕೂಗಿಸಿ ಏರಿಸಿದ ಬೆಲೆಯೋ ಏನೋ, ಯಾರು ಕಂಡರು? ಇವತ್ತು ಒಂದು ತೋರಿಸಿ ನಾಳೆ ಅಳಿಸಿಬಿಟ್ಟರೆ, ನೆನ್ನೆ ಹೀಗಿತ್ತು ಅಂತ ಯಾರನ್ನು ಕೇಳುವುದು? ಪುಸ್ತಕ ಹಾಗಲ್ಲ, ಎದುರಿಗೆ ಏನು ಹೇಳುತ್ತದೋ ಬೆನ್ನ ಹಿಂದೆಯೂ ಅದನ್ನೇ ಹೇಳುತ್ತದೆ, ತಪ್ಪಿದ್ದರೆ ತಪ್ಪೂ ಅಲ್ಲೇ ಕೂತಿರುತ್ತದೆ ಅಂದ. ಅಂದವನಿಗೆ ಕಾಲ ನಡುವಿನ ಚೀಲ ಇದ್ದಕ್ಕಿದ್ದಂತೆ ಬಿಸಿಯಾದ ಹಾಗೆ ಅನಿಸಿತು. ಯಾರೋ ಚಪ್ಪಾಳೆ ತಟ್ಟಿದರು. ಗಗನ ನಗುತ್ತ, ಸರ್, ಹನ್ನೊಂದು ವರ್ಷದಲ್ಲಿ ಒಂದೂ ತಪ್ಪು ಆಗಿಲ್ವ ಹಾಗಾದ್ರೆ ಅಂತ ಕೇಳಿದಳು. ಅವನು ಉತ್ತರ ಕೊಡುವ ಮೊದಲೇ ಶಿವಪ್ರಕಾಶ್, ಏಕಾಂತಯ್ಯನೋರು ನೋಡಿದ್ಮೇಲೆ ಮುಗೀತಮ್ಮ, ಒಂದು ಚುಕ್ಕೀನೂ ಆಚೀಚೆ ಆಗಲ್ಲ ಅಂದ. ಎಲ್ಲರೂ ನಕ್ಕರು. ಮೆಚ್ಚಿ ನಗುವ ನಗುವಿಗೂ ಆಡಿಕೊಳ್ಳುವ ನಗುವಿಗೂ ಶಬ್ದ ಒಂದೇ ಇರುತ್ತದೆ ಅಂತ ಅವನಿಗೆ ಅವತ್ತು ಗೊತ್ತಾಯಿತು. ಕೂತುಕೊಂಡ. ಟೀ ಹಂಚುವಾಗ ಅವನ ಲೋಟ ಎಲ್ಲರಿಗಿಂತ ಕೊನೆಗೆ ಬಂತು.

ಆಗಿದ್ದು ಇಷ್ಟು. ಐದನೇ ಜಾರ್ಜ್ ದೊರೆಯ ತಲೆಯಿದ್ದ ಹತ್ತು ರೂಪಾಯಿ ನೋಟು, ಗರಿಗರಿಯಾಗಿದ್ದರೆ, ಹದಿನೆಂಟು ಸಾವಿರದ ಐನೂರು ಅಂತ ಇರಬೇಕಾಗಿತ್ತು. ಗೋಡೆಗೆ ಬೆನ್ನು ಕೊಟ್ಟಿದ್ದ ಆ ವರ್ಷದ ಕೈಪಿಡಿಯ ನಲವತ್ತೇಳನೇ ಪುಟದಲ್ಲಿ ಕೊನೆಯ ಸೊನ್ನೆ ಬಿಟ್ಟುಹೋಗಿ, ಅಲ್ಪವಿರಾಮ ಒಂದು ಮನೆ ಹಿಂದಕ್ಕೆ ಸರಿದು, ಸಾವಿರದ ಎಂಟುನೂರ ಐವತ್ತು ಅಂತ ಅಚ್ಚಾಗಿತ್ತು. ಕರಡಿನಲ್ಲಿ ಅದು ಅವನ ಕಣ್ಣು ತಪ್ಪಿಸಿತ್ತು. ಪುಸ್ತಕ ಬೈಂಡಾಗಿ ಮನೆಗೆ ಬಂದ ದಿನ ಕಣ್ಣಿಗೆ ಬಿತ್ತು. ಬೆಳಿಗ್ಗೆಯೇ ಹೋಗಿ ಶಿವಪ್ರಕಾಶನಿಗೆ ಹೇಳಬೇಕು, ಒಂದು ತಿದ್ದುಪಡಿ ಚೀಟಿ ಅಂಟಿಸಬೇಕು ಅಂದುಕೊಂಡ. ಹೇಳಿದರೆ ಇಷ್ಟು ವರ್ಷದ ಹೆಸರು ಹೋಗುತ್ತದೆ ಅಂತ ಎರಡು ದಿನ ತಡಮಾಡಿದ. ಮೂರನೇ ದಿನ ಸರ್ವಮಂಗಳಮ್ಮ ಫೋನು ಮಾಡಿದರು. ಅವರ ಗಂಡ ಮೃತ್ಯುಂಜಯ ತೀರಿಹೋಗಿ ಮೂರು ತಿಂಗಳೂ ಆಗಿರಲಿಲ್ಲ. ಅವರ ಸಂಗ್ರಹದಲ್ಲಿ ಒಂದಷ್ಟು ಕೊಟ್ಟುಬಿಡೋಣ ಅಂತಿದೀನಿ, ಬೇರೆಯವರಿಗೆ ಯಾಕೆ, ನೀವೇ ತಗೊಳ್ಳಿ ಅಂದರು.

ಮೃತ್ಯುಂಜಯನ ಆಲ್ಬಮ್ಮಿನ ಏಳನೇ ಹಾಳೆಯಲ್ಲಿ ಆ ಹತ್ತು ರೂಪಾಯಿ ಇದೆ ಅಂತ ಏಕಾಂತಯ್ಯನಿಗೆ ಗೊತ್ತಿತ್ತು. ಮಡಿಕೆಯಿಲ್ಲ, ಎಡಗಡೆ ಪಿನ್ನಿನ ಎರಡು ಸಣ್ಣ ತೂತು ಬಿಟ್ಟರೆ ಕಲೆಯಿಲ್ಲ. ಎಷ್ಟೋ ವರ್ಷದ ಹಿಂದೆ ಅದನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡುತ್ತೇನೆ ಅಂದಾಗ, ಮೃತ್ಯುಂಜಯ ಇವನ ಕಾಫಿ ಲೋಟ ನೋಡಿ, ಕೈ ಒರೆಸ್ಕೊಂಡ್ ಬನ್ನಿ ಅಂದಿದ್ದ. ಹತ್ತು ಜನರ ಎದುರಿಗೆ. ಇವನು ಬಚ್ಚಲಿಗೆ ಹೋಗಿ ಸೋಪು ಹಾಕಿ ತೊಳೆದು, ಪಂಚೆಯ ಅಂಚಿಗೆ ಒರೆಸಿಕೊಂಡು ಬರುವಷ್ಟರಲ್ಲಿ ಆಲ್ಬಮ್ಮು ಮುಚ್ಚಿತ್ತು, ಮಾತು ಬೇರೆ ಕಡೆ ಹೋಗಿತ್ತು. ಮತ್ತೆ ಕೇಳುವುದಕ್ಕೆ ನಾಚಿಕೆಯಾಗಿ ಸುಮ್ಮನಾಗಿದ್ದ. ಅಡ್ಡಿಯಾಗಿದ್ದದ್ದು ಕೊಳೆ ಕೈಯಲ್ಲ ಅಂತ ಆವತ್ತಿನಿಂದ ಅವನಿಗೊಂದು ಅನುಮಾನ. ಮೃತ್ಯುಂಜಯ ತನ್ನನ್ನು ಯಾವತ್ತೂ ನಂಬಿರಲಿಲ್ಲ. ಒಳ್ಳೆಯ ಕಣ್ಣಿದ್ದ ಮನುಷ್ಯ, ನೋಟು ಬೆಳಕಿಗೆ ಹಿಡಿಯುವ ಹಾಗೆ ಜನರನ್ನೂ ಬೆಳಕಿಗೆ ಹಿಡಿಯುತ್ತಿದ್ದ.

ಆವತ್ತು ಸರ್ವಮಂಗಳಮ್ಮ, ಪುಸ್ತಕ ಎಲ್ಲ ಯಾಕೆ, ನೀವು ಹೇಳಿದ್ದೇ ಬೆಲೆ ಅಂದಿದ್ದರು. ಇವನೇ ಹಟ ಹಿಡಿದು ಪುಸ್ತಕ ತೆಗೆದ. ಉಳಿದ ಹನ್ನೆರಡು ನೋಟಿಗೂ ಸರಿಯಾದ ದರ ಓದಿದ, ಒಂದೆರಡಕ್ಕೆ ಐವತ್ತು ನೂರು ಹೆಚ್ಚೇ ಹಾಕಿದ. ನಲವತ್ತೇಳನೇ ಪುಟ ಬಂದಾಗ ಸಾಲಿನ ಕೆಳಗೆ ಬೆರಳು ಓಡಿಸಿ ತೋರಿಸಿದ. ಸುಳ್ಳು ಹೇಳುವುದಾದರೆ ಪುಸ್ತಕ ಹೇಳಲಿ, ತಾನು ಹೇಳುವುದು ಬೇಡ ಅಂತ. ಆ ಉಪಾಯ ಆ ಹೊತ್ತಿನಲ್ಲಿ ಅವನಿಗೆ ಎಷ್ಟು ಸಹಜವಾಗಿ ಕಂಡಿತ್ತೆಂದರೆ, ಮನೆಗೆ ಬಂದು ನೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ ಮೇಲೆಯೇ ತಾನು ಮಾಡಿದ್ದೇನು ಅಂತ ಅವನಿಗೆ ಅರಿವಾದದ್ದು. ಮುಂದಿನ ವರ್ಷದ ಕೈಪಿಡಿಯಲ್ಲಿ ಅದೇ ನೋಟಿಗೆ ತಾನೇ ಹತ್ತೊಂಬತ್ತು ಸಾವಿರ ಅಂತ ಸೇರಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುವ ಯಾರಿಗಾದರೂ ಗೊತ್ತಾಗಬೇಕಾದ್ದು. ಯಾರೂ ನೋಡಲಿಲ್ಲ. ಮೂರು ವರ್ಷ ಯಾರೂ ನೋಡುವುದಿಲ್ಲ ಅನ್ನುವುದನ್ನು ನಂಬುವುದು ಹೇಗೆ?

ಸಭೆಯಲ್ಲಿ ಯಾವುದೂ ತೀರ್ಮಾನವಾಗಲಿಲ್ಲ; ಇನ್ನೊಂದು ವಾರ ಯೋಚನೆ ಮಾಡೋಣ ಅಂತ ಶಿವಪ್ರಕಾಶ್ ಮುಗಿಸಿದ. ಏಕಾಂತಯ್ಯ ಆಟೋ ಹಿಡಿದು ಲಕ್ಷ್ಮೀಪುರಂಗೆ ಹೋದ. ನಡೆದರೆ ಯೋಚಿಸಲು ಜಾಸ್ತಿ ಹೊತ್ತು ಸಿಗುತ್ತದಲ್ಲ ಅಂತ ಆಟೋ. ಆಟೋದಲ್ಲೂ ಯೋಚಿಸಿದ. ಸರ್ವಮಂಗಳಮ್ಮ ಒಬ್ಬರೇ ಇರುವುದಿಲ್ಲ, ಯಾರನ್ನಾದರೂ ಸಾಕ್ಷಿಗೆ ಕೂರಿಸಿಕೊಂಡಿರುತ್ತಾರೆ. ಲಾಯರು ಓದಿದ ತಂಗಿಯ ಮಗ ಒಬ್ಬನಿದ್ದಾನೆ ಅಂತ ಮೃತ್ಯುಂಜಯ ಯಾವಾಗಲೋ ಹೇಳಿದ್ದ. ಗೇಟಿನ ಹತ್ತಿರ ಗಂಡಸರ ಚಪ್ಪಲಿ ಇವೆಯೋ ಅಂತ ನೋಡಿದ. ಇರಲಿಲ್ಲ. ಒಳಗೆ ಬಿಟ್ಟಿರಬಹುದು.

ಅವರು ಒಬ್ಬರೇ ಇದ್ದರು. ಕೋಡುಬಳೆ, ಕಾಫಿ ತಂದಿಟ್ಟರು. ಕೈ ಒರೆಸಿಕೊಳ್ಳಲು ಒಂದು ಸಣ್ಣ ಟವೆಲನ್ನೂ ಇಟ್ಟರು. ಏಕಾಂತಯ್ಯ ಅದನ್ನು ಮುಟ್ಟಲಿಲ್ಲ. ಕೈಪಿಡಿ ಈ ವರ್ಷ ಬರುವುದೇ ಅನುಮಾನವಂತೆ, ಹೌದೇ ಅಂತ ಅವರು ಕೇಳಿದರು. ನಿಮಗೆ ಯಾರು ಹೇಳಿದರು ಅಂತ ಇವನು ಥಟ್ಟನೆ ಕೇಳಿಬಿಟ್ಟ. ಅವರು ಒಂದು ಕ್ಷಣ ಇವನ ಮುಖ ನೋಡಿ, ಶಿವಪ್ರಕಾಶೇ ಮೊನ್ನೆ ದೇವಸ್ಥಾನದಲ್ಲಿ ಸಿಕ್ಕಿ ಹೇಳಿದ ಅಂದರು. ಹಾಗಾದರೆ ಇಬ್ಬರೂ ಮಾತಾಡಿದ್ದಾರೆ. ಇವನು ಕಾಫಿ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಪುಸ್ತಕ ತಂದ್ರಾ ಅಂತ ಕೇಳಿದರು. ಚೀಲದಿಂದ ಮೇಲಿನದನ್ನು ತೆಗೆದುಕೊಟ್ಟ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಳ್ಳೆ ಕಾಗದ ಅಂತ ಸವರಿ, ಒಂದ್ನಿಮಿಷ ಇರಿ ಅಂತ ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು. ಡ್ರಾಯರು ಎಳೆದ ಸದ್ದು. ತಿರುಗಿ ಬಂದಾಗ ಅವರ ಕೈಯಲ್ಲಿ ಒಂದು ಕಂದು ಲಕೋಟೆ, ಒಂದು ಪೆನ್ಸಿಲ್, ಒಂದು ಅಡಿಯ ಸ್ಕೇಲು ಇದ್ದವು.

ಸ್ಕೇಲು ನೋಡಿದ್ದೇ ಏಕಾಂತಯ್ಯ ಚೀಲವನ್ನು ಹತ್ತಿರ ಎಳೆದುಕೊಂಡ. ಅಂಕಿಯ ಸಾಲು ತಪ್ಪದ ಹಾಗೆ ಕೆಳಗಿಟ್ಟುಕೊಂಡು ಓದುವುದಕ್ಕೆ ಸ್ಕೇಲು ಬೇಕು. ಮೂವತ್ತು ವರ್ಷ ಅವನೂ ಹಾಗೇ ಓದಿದ್ದ. ಲಕೋಟೆಯಲ್ಲಿ ಏನಿದೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಆವತ್ತು ಇವನೇ ತನ್ನ ಕೈಯಾರೆ ಬರೆದುಕೊಟ್ಟ ಹದಿಮೂರು ನೋಟಿನ ಪಟ್ಟಿ. ಅವರು ಪುಸ್ತಕ ತೆರೆದು ಪುಟ ಮಗುಚತೊಡಗಿದರು. ಹತ್ತು, ಇಪ್ಪತ್ತು, ಮೂವತ್ತು.

'ನಲವತ್ತೇಳು' ಅಂದ ಏಕಾಂತಯ್ಯ. 'ಆದರೆ ಅದು ಈ ಪುಸ್ತಕ ಅಲ್ಲ. ಇಲ್ಲಿದೆ ನೋಡಿ.' ಚೀಲದಿಂದ ಇನ್ನೊಂದನ್ನು ತೆಗೆದು ಅವರ ಮುಂದಿಟ್ಟ.

'ಯಾವ ನಲವತ್ತೇಳು?'

ಗೊತ್ತಿದ್ದೂ ಕೇಳುವವರು ಹೀಗೇ ಕೇಳುವುದು, ಇವನ ಬಾಯಿಂದಲೇ ಬರಲಿ ಅಂತ. ಅವನು ಹೇಳತೊಡಗಿದ. ಸೊನ್ನೆ ಬಿದ್ದುಹೋದದ್ದು, ಬೈಂಡಾದ ದಿನ ಕಂಡದ್ದು, ಎರಡು ದಿನ ತಡಮಾಡಿದ್ದು, ಮೂರನೇ ದಿನದ ಫೋನು, ಬೆರಳು ಓಡಿಸಿದ್ದು, ಮರುವರ್ಷ ಹತ್ತೊಂಬತ್ತು ಸಾವಿರ ಅಂತ ತಾನೇ ಹಾಕಿದ್ದು. ಹೇಳುತ್ತ ಹೇಳುತ್ತ ಅವನಿಗೆ ಒಂದು ವಿಚಿತ್ರ ಸಮಾಧಾನ. ಇವರಿಗೆ ಎಲ್ಲ ಗೊತ್ತಿದೆ, ನಾನು ಬರೀ ಅವರ ಲೆಕ್ಕಕ್ಕೆ ಹೂಂಗುಟ್ಟುತ್ತಿದ್ದೇನೆ ಅಂತ. ನಾನು ಬರೋ ಮುಂಚೆ ಶಿವಪ್ರಕಾಶ್ ಹತ್ತಿರ ಇದೆಲ್ಲ ಮಾತಾಡಿದ್ದೀರಿ ಅಂತ ಗೊತ್ತು, ಅವನ ತಪ್ಪೇನೂ ಇಲ್ಲ ಅಂತಲೂ ಸೇರಿಸಿದ. ಸರ್ವಮಂಗಳಮ್ಮ ಅಡ್ಡ ಬರಲಿಲ್ಲ. ಪೆನ್ಸಿಲ್ಲು ಅವರ ಬೆರಳಿನ ನಡುವೆ ಇದ್ದ ಹಾಗೇ ಇತ್ತು. ಅವನು ನಿಲ್ಲಿಸಿದ ಮೇಲೆ ಅದನ್ನು ಟೀಪಾಯಿಯ ಮೇಲಿಟ್ಟರು.

'ನನಗೆ ಗೊತ್ತಿರಲಿಲ್ಲ' ಅಂದರು.

ದನಿ ಬೆಳಿಗ್ಗೆ ಫೋನಿನಲ್ಲಿ ಇದ್ದ ಹಾಗೇ ಇತ್ತು. ಏಕಾಂತಯ್ಯ ಅವರ ಮುಖ ನೋಡಿದ. ಆ ಮುಖದಲ್ಲಿ ಸುಳ್ಳು ಹುಡುಕಿದ, ಸಿಗಲಿ ಅಂತ ಹುಡುಕಿದ. ಸಿಗಲಿಲ್ಲ. ಅವರು ಲಕೋಟೆಯೊಳಗಿನದನ್ನು ಎಳೆದು ಟೀಪಾಯಿಯ ಮೇಲಿಟ್ಟರು. ಮೃತ್ಯುಂಜಯನ ಫೋಟೋ, ಅರ್ಧ ತೋಳಿನ ಶರ್ಟು, ಯಾರೋ ಕರೆದದ್ದಕ್ಕೆ ತಿರುಗಿದ ಹಾಗಿದ್ದ ಮುಖ. ಜೊತೆಗೆ ದುಂಡನೆಯ ಅಕ್ಷರದಲ್ಲಿ ಬರೆದ ನಾಲ್ಕು ಸಾಲು. ಬರುವ ಇಪ್ಪತ್ತಾರಕ್ಕೆ ಇವರು ಹೋಗಿ ಮೂರು ವರ್ಷ ಆಗುತ್ತೆ ಅಂದರು. ಇದೇ ಕೊನೇ ಪುಸ್ತಕ ಆದರೂ ಆಗಬಹುದು ಅಂತ ಶಿವಪ್ರಕಾಶ್ ಅಂದನಲ್ಲ, ಅದಕ್ಕೆ, ಕಾಲು ಪುಟದಲ್ಲಿ ಇವರ ಫೋಟೋ ಹಾಕಿಸೋಣ ಅನ್ನಿಸಿತು. ಎಷ್ಟು ಅಗಲ, ಎಷ್ಟು ಉದ್ದ ಬರುತ್ತದೆ ಅಂತ ಅಳೆಯೋಣ ಅಂತ ಪುಸ್ತಕ ತರಲು ಹೇಳಿದೆ. ಒಕ್ಕಣೆ ನೀವು ತಿದ್ದಿಕೊಡ್ತೀರಿ ಅಂತ ನಿಮ್ಮನ್ನೇ ಕರೆದೆ.

ಏಕಾಂತಯ್ಯನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇಷ್ಟು ಸಣ್ಣ ವಿಷಯವನ್ನು ಫೋನಿನಲ್ಲೇ ಹೇಳಿದ್ದರೆ ಏನಾಗುತ್ತಿತ್ತು? ಸ್ಕೇಲು ಮೊದಲೇ ಟೀಪಾಯಿಯ ಮೇಲಿದ್ದಿದ್ದರೆ? ಬೆಳಿಗ್ಗೆಯಿಂದ ಎಲ್ಲರ ಮಾತಿನಲ್ಲೂ ಕೊಂಕು ಹುಡುಕಿದ ಅವನ ಬುದ್ಧಿ, ಈಗ ಹುಡುಕಲು ಏನೂ ಸಿಗದೆ, ತನ್ನ ಕಡೆಗೇ ತಿರುಗಿ ನಿಂತಿತು. ಸಭೆಯಲ್ಲಿ ಯಾರೂ ಆಡಿಕೊಂಡು ನಗಲಿಲ್ಲ. ಶಿವಪ್ರಕಾಶ್ ಮನಸ್ಸಿನಿಂದಲೇ ಹೊಗಳಿದ್ದ. ಟೀ ಕಿಟಕಿಯ ಕಡೆ ಕೊನೆಗೆ ಬಂದದ್ದು, ಅವನು ಕಿಟಕಿಯ ಹತ್ತಿರ ಕೂತಿದ್ದರಿಂದ.

'ನಾನು ಆವತ್ತು ಪುಸ್ತಕ ಬೇಡ ಅಂದಿದ್ದೆ' ಅಂದರು ಸರ್ವಮಂಗಳಮ್ಮ.

'ಹೌದು.'

'ಗೊತ್ತಿದ್ದೂ ತೆಗೆದು ತೋರಿಸಿದ್ರಿ.'

'ಹೌದು ತಾಯಿ.'

ನೋಟು ಟ್ರಂಕಿನಲ್ಲೇ ಇದೆ, ಮಾರಿಲ್ಲ, ಒಂದು ಗಂಟೆಯೊಳಗೆ ತಂದುಕೊಡುತ್ತೇನೆ, ಇಲ್ಲ ಬಾಕಿ ದುಡ್ಡೇ ಬೇಕಾದರೆ ಅದನ್ನೂ ಹೊಂದಿಸುತ್ತೇನೆ ಅಂತ ಅವನು ತಡವರಿಸಿದ. ಅವರು ಕೈಯಾಡಿಸಿ ತಡೆದರು. ಫೋಟೋವನ್ನು ತಿರುಗಿ ಲಕೋಟೆಗೆ ಹಾಕಿದರು. ಸರಿಯಾಗಿ ಕೂರಲಿಲ್ಲ, ತೆಗೆದು ಇನ್ನೊಂದು ಸಲ ಹಾಕಿದರು. ಆಮೇಲೆ ನಾಲ್ಕು ಸಾಲು ಬರೆದಿದ್ದ ಕಾಗದವನ್ನು ಮಗುಚಿ, ಹಿಂಬದಿಯ ಬಿಳಿ ಮೇಲೆ ಮಾಡಿ, ಪೆನ್ಸಿಲ್ ಸಮೇತ ಅವನ ಕಡೆ ದೂಡಿದರು. ಇವರ ಫೋಟೋ ಬೇಡ, ಆ ಕಾಲು ಪುಟದಲ್ಲಿ ನೀವು ಈಗ ಹೇಳಿದ್ದನ್ನ ಹಾಕ್ಸಿ, ಇಲ್ಲೇ ಬರೀರಿ, ನಾನು ಓದ್ತೀನಿ ಅಂದರು.

ಅವನು ಬರೆದ. ಮೂವತ್ತು ವರ್ಷದಲ್ಲಿ ಸಾವಿರ ತಿದ್ದುಪಡಿ ಬರೆದ ಕೈ, ಯೋಚಿಸದೆ ಓಡಿತು. ಇಂಥ ವರ್ಷದ ಕೈಪಿಡಿಯ ನಲವತ್ತೇಳನೇ ಪುಟದಲ್ಲಿ ಮುದ್ರಣದೋಷದಿಂದ ಹೀಗೆ ಅಚ್ಚಾಗಿದೆ, ಹೀಗೆ ಓದಿಕೊಳ್ಳಬೇಕು, ವಿಷಾದಿಸುತ್ತೇವೆ. ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡು ಓದಿ, ಇದರಲ್ಲಿ ಯಾರೂ ಇಲ್ಲವಲ್ಲ ಅಂದರು. ವಿಷಾದಿಸುತ್ತೇವೆ ಅಂದರೆ ಯಾರು? ನೀವೂ ನಾನೂ ಸೇರಿಯಾ? ಅವನು ಹೊಡೆದುಹಾಕಿ ಮತ್ತೆ ಬರೆದ. ಈ ಸಲ ಕರಡು ತಿದ್ದಿದ ಏಕಾಂತಯ್ಯ ಅಂತ ಬಂತು, ಕಣ್ತಪ್ಪು ಅಂತ ಬಂತು. ಅವರು ಸ್ಕೇಲಿನ ತುದಿಯನ್ನು ಆ ಪದದ ಕೆಳಗೆ ಇಟ್ಟರು. ಕಣ್ಣಿಗೆ ಬಿದ್ದ ಮೇಲೆ ಅದು ಕಣ್ತಪ್ಪು ಹೇಗಾಗುತ್ತೆ ಅಂತ ಕೇಳಿದರು. ಮೂರನೇ ಸಲಕ್ಕೆ ಅವನು ಕಣ್ತಪ್ಪನ್ನೂ ಹೊಡೆದುಹಾಕಿದ. ತಪ್ಪೆಂದು ತಿಳಿದೂ ಅದೇ ದರ ತೋರಿಸಿ ಸರ್ವಮಂಗಳಾ ಎಂಬವರಿಂದ ಈ ನೋಟನ್ನು ಕೊಂಡುಕೊಂಡೆ ಅಂತ ಬರೆದು ಕೆಳಗೆ ರುಜು ಹಾಕಿದ. ಅವರು ಎರಡು ಸಲ ಓದಿದರು. ಏನೂ ತಿದ್ದಲಿಲ್ಲ. ಇದು ಅಚ್ಚಾದ ಮೇಲೆ ನೋಟು ತನ್ನಿ ಅಂತ ಹೇಳಿ, ಖಾಲಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಅವನೇ ಬಾಗಿಲು ಎಳೆದುಕೊಂಡು ಬಂದ.

ಅಂಬುಜಮ್ಮನಿಗೆ ಅವತ್ತು ಸಂಜೆಯೇ ಹೇಳಿದ. ಅವಳಿಗೂ ಏನೂ ಗೊತ್ತಿರಲಿಲ್ಲ. ಪುಸ್ತಕ ತಿರುವುಮುರುವಾಗಿ ಇದ್ದದ್ದನ್ನು ನೋಡಿದ್ದೆ, ನಿಮ್ಮ ಪುಸ್ತಕ ಮುಟ್ಟಿದರೆ ಬೈತೀರಿ ಅಂತ ಬಿಟ್ಟಿದ್ದೆ ಅಂದಳು. ಆಮೇಲೆ ಎರಡು ದಿನ ಅವಳು ಅವನ ಜೊತೆ ಬೇಕಾದಷ್ಟೇ ಮಾತಾಡಿದಳು.

ಮಾರನೇ ದಿನ ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ಶಿವಪ್ರಕಾಶ್ ಆ ಕಾಗದವನ್ನು ನಿಂತೇ ಓದಿ, ಕೂತು ಇನ್ನೊಂದು ಸಲ ಓದಿದ. ಇದನ್ನ ಹಾಕಿದರೆ ನನ್ನ ಪುಸ್ತಕದ ಹೆಸರು ಏನಾಗುತ್ತೆ ಸಾರ್ ಅಂತ ಕೇಳಿದ. ಪುಸ್ತಕ ನಿಲ್ಲಿಸಿಬಿಡೋಣ, ಯಾರಿಗೂ ಗೊತ್ತಾಗೋದೇ ಬೇಡ, ಆಯಮ್ಮನಿಗೆ ನೋಟು ಕೊಟ್ಟು ಕೈ ಮುಗಿದುಬಿಡಿ, ಮುಗೀತು ಅಂದ. ಪುಸ್ತಕ ನಿಲ್ಲಿಸಿದರೆ ಆ ಸಾವಿರದ ಎಂಟುನೂರ ಐವತ್ತು ಅಲ್ಲೇ ನಿಂತುಬಿಡುತ್ತೆ ಅಂದ ಏಕಾಂತಯ್ಯ. ಹಾಗಾದರೆ ತಿಳಿದೂ ಅನ್ನುವ ಸಾಲನ್ನಾದರೂ ತೆಗೀರಿ ಅಂದ ಶಿವಪ್ರಕಾಶ್. ಅದನ್ನು ಆಯಮ್ಮ ಓದಿ ನೋಡಿದ್ದಾರೆ, ತೆಗೆಯೋಕಾಗಲ್ಲ ಅಂತ ಇವನು ಹೇಳಿದ. ಶಿವಪ್ರಕಾಶ್ ತುಂಬ ಹೊತ್ತು ಮೇಜಿನ ಡ್ರಾಯರಿನ ಹಿಡಿಯನ್ನು ಎಳೆಯುತ್ತ ತಳ್ಳುತ್ತ ಕೂತಿದ್ದ. ಆ ವರ್ಷ ಅದೇ ದರಕ್ಕೆ ಅವನೂ ಯಾರಿಂದಲೋ ಒಂದೆರಡು ಕೊಂಡಿರಬಹುದೇ ಅಂತ ಏಕಾಂತಯ್ಯನಿಗೆ ಒಂದು ಗಳಿಗೆ ಹೊಳೆಯಿತು. ಕೇಳಲಿಲ್ಲ. ಕೊನೆಗೆ ಶಿವಪ್ರಕಾಶ್, ಸರಿ, ಇನ್ನೂರೇ ಪ್ರತಿ, ಇದೇ ಕೊನೇದು ಅಂದ. ಕಾಗದ ಮಡಿಸಿ ಡ್ರಾಯರಿಗೆ ಹಾಕುತ್ತ, ಬೇರೆ ಕಡೆ ನೋಡಿಕೊಂಡು, ಈ ಸಲ ಪ್ರೂಫ್ ಗಗನ ನೋಡ್ತಾರೆ, ಬೇಜಾರು ಮಾಡ್ಕೋಬೇಡಿ ಅಂತಲೂ ಅಂದ.

ಕೈಪಿಡಿ ಜನವರಿ ದಾಟಿ ಫೆಬ್ರವರಿ ಎರಡನೇ ವಾರ ಬಂತು. ಮೊದಲ ಪುಟದ ಕೆಳಭಾಗದಲ್ಲಿ, ಸುತ್ತ ಸಣ್ಣ ಗೆರೆ ಹಾಕಿ, ಒಂದಕ್ಷರ ಬಿಡದೆ ಅಚ್ಚಾಗಿತ್ತು. ಆ ತಿಂಗಳ ಸಭೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅವನು ಎಂದಿನ ಹಾಗೆ ಕೂತ ಮೇಲೆ ಪಕ್ಕದ ಕುರ್ಚಿ ಖಾಲಿ ಉಳಿಯಿತು. ತಾವು ತಂದ ನೋಟನ್ನು ಯಾವಾಗಲೂ ಅವನ ಕೈಗೆ ಕೊಟ್ಟು ತೋರಿಸುತ್ತಿದ್ದ ಒಬ್ಬರು, ಈ ಸಲ ತಾವೇ ಹಿಡಿದುಕೊಂಡು ದೂರದಿಂದ ತೋರಿಸಿದರು. ಗಗನ ಆ ಪುಟದ ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ, ಬೆಂಗಳೂರು, ಹುಬ್ಬಳ್ಳಿಯವರೆಗೂ ಹೋಗಿದೆ ಅಂತ ಗೊತ್ತಾಯಿತು. ಅವಳೇ ಹತ್ತಿರ ಬಂದು ಹೇಳಿದಳು, ಮುಚ್ಚಿಡದೆ. ಸರ್, ಇಂಥದ್ದು ನಮ್ಮ ಗುಂಪಲ್ಲೂ ದಿನಾ ಆಗುತ್ತೆ, ಯಾರೂ ಹೀಗೆ ಬರೆಯಲ್ಲ ಅಷ್ಟೆ ಅಂದಳು. ಅದು ಮೆಚ್ಚುಗೆಯೋ ಕನಿಕರವೋ ಅಂತ ಅಳೆಯಲು ಅವನ ಮನಸ್ಸು ಎಂದಿನಂತೆ ಎದ್ದಿತು, ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅವನಿಗೆ ಆಶ್ಚರ್ಯವಾದದ್ದು ಬೇರೆ. ಈಗ ಯಾರು ತನ್ನ ಬಗ್ಗೆ ಏನಂದುಕೊಂಡಿದ್ದಾರೆ ಅಂತ ಊಹಿಸಬೇಕಾಗಿರಲಿಲ್ಲ. ಆ ಕೋಣೆಯಲ್ಲಿ ಅಷ್ಟು ಹಗುರಾಗಿ, ಅಷ್ಟು ಒಂಟಿಯಾಗಿ ಅವನು ಹಿಂದೆ ಕೂತಿರಲಿಲ್ಲ.

ಸೋಮವಾರ ಬೆಳಿಗ್ಗೆ ನೋಟನ್ನೂ ಪುಸ್ತಕವನ್ನೂ ತೆಗೆದುಕೊಂಡು ಲಕ್ಷ್ಮೀಪುರಂಗೆ ನಡೆದೇ ಹೋದ. ಸರ್ವಮಂಗಳಮ್ಮ ಒಳಗೆ ಕರೆದು ಕೂರಿಸಿದರು, ಕಾಫಿ ಕೊಡಲಿಲ್ಲ. ಮೊದಲ ಪುಟ ನಿಧಾನವಾಗಿ ಓದಿದರು. ನೋಟನ್ನು ಪ್ಲಾಸ್ಟಿಕ್ಕಿನ ಹಾಳೆ ಸಮೇತ ಕಿಟಕಿಯ ಬೆಳಕಿಗೆ ಹಿಡಿದು, ಪಿನ್ನಿನ ತೂತು ಎರಡನ್ನೂ ನೋಡಿ, ತಲೆಯಾಡಿಸಿ ಬೀರುವಿನಲ್ಲಿಟ್ಟರು. ಬರುವಾಗ ಎಣಿಸಿಟ್ಟ ದುಡ್ಡು ತಂದರು. ಅವನು ಆವತ್ತು ಕೊಟ್ಟಿದ್ದ ಸಾವಿರದ ಎಂಟುನೂರ ಐವತ್ತು, ಅದರ ಮೇಲೆ ಪುಸ್ತಕದ ಹಿಂದೆ ಅಚ್ಚಾಗಿದ್ದ ಬೆಲೆ ಇನ್ನೂರ ಎಂಬತ್ತು. ಪುಸ್ತಕಕ್ಕೆ ಬೇಡ ತಾಯಿ ಅಂದ ಏಕಾಂತಯ್ಯ. ಅವರು ಚಾಚಿದ ಕೈಯನ್ನು ಹಿಂದೆ ತೆಗೆಯಲಿಲ್ಲ. ತೆಗೆದುಕೊಂಡ. ಎಣಿಸಲಿಲ್ಲ, ಎಣಿಸಿಕೊಳ್ಳಿ ಅಂತ ಅವರೇ ಹೇಳಿದ ಮೇಲೆ, ಅವರ ಮುಂದೆ ಕೂತು ಒಂದೊಂದಾಗಿ ಎಣಿಸಿದ. ಸರಿಯಾಗಿತ್ತು.

ಅವನು ಎದ್ದು ಬಾಗಿಲ ತನಕ ಹೋಗಿದ್ದ. ಹಿಂದಿನಿಂದ ಸರ್ವಮಂಗಳಮ್ಮ ಮಾತಾಡಿದರು.

'ಇವರದು ಇನ್ನೂ ಎರಡು ಆಲ್ಬಮ್ ಇದೆ. ಬೆಲೆ ಕಟ್ಟಿಸ್ಬೇಕು. ಗಗನ ಅಂತ ಒಬ್ಬರು ಫೋನ್ ಮಾಡಿದ್ರು, ಬರೋ ಭಾನುವಾರ ಬರ್ತಾರೆ. ನೀವೂ ಬನ್ನಿ. ಅವರು ಫೋನಿನಲ್ಲಿ ನೋಡಿ ಹೇಳ್ಲಿ, ನೀವು ಪುಸ್ತಕ ನೋಡಿ ಹೇಳಿ. ಇಬ್ಬರೂ ನನ್ನ ಎದುರಿಗೇ ಹೇಳ್ಬೇಕು.'

ಅದು ಕ್ಷಮೆಯೋ, ಇನ್ನೊಂದು ಶಿಕ್ಷೆಯೋ, ಬೇರೆ ಗತಿಯಿಲ್ಲದೆ ಕರೆದದ್ದೋ, ಆ ದನಿಯಲ್ಲಿ ಏನೂ ಇರಲಿಲ್ಲ. ಏಕಾಂತಯ್ಯ ಚಪ್ಪಲಿ ಮೆಟ್ಟಿಕೊಳ್ಳುತ್ತ, ಎಷ್ಟು ಗಂಟೆಗೆ ಬರಲಿ ಅಂತ ಕೇಳಿದ.